ಪರವಾನಗಿ ಮೈದಾನಕ್ಕೆ, ತಿರುಗುವ ಯಂತ್ರಕ್ಕೆ ಹೊಣೆ ಯಾರು?

ಅಪಾರ್ಟ್‌ಮೆಂಟ್‌ನಲ್ಲಿ ನಾಲ್ಕಾರು ಮಂದಿಯನ್ನು ಹೊತ್ತು ಮೂರನೆಯ ಮಹಡಿಗೆ ಏರುವ ಲಿಫ್ಟ್‌ಗೆ ಕರ್ನಾಟಕದಲ್ಲಿ ಪ್ರತ್ಯೇಕ ಕಾಯ್ದೆಯೇ ಇದೆ. 2012ರ ಕರ್ನಾಟಕ ಲಿಫ್ಟ್, ಎಸ್ಕಲೇಟರ್ ಮತ್ತು ಪ್ರಯಾಣಿಕರ ಕನ್ವೇಯರ್ ಅಧಿನಿಯಮದ ಅಡಿಯಲ್ಲಿ ಅದನ್ನು ಅಳವಡಿಸಲು ಅನುಮತಿ ಬೇಕು, ನಡೆಸಲು ಪರವಾನಗಿ ಬೇಕು, ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆಗೆ ಒಳಪಡಬೇಕು. ಅದೇ ಅಪಾರ್ಟ್‌ಮೆಂಟ್‌ನ ಮಕ್ಕಳು ರಜೆಯಲ್ಲಿ ಅಜ್ಜಿಯ ಊರಿನ ಜಾತ್ರೆಗೆ ಹೋಗಿ, ಐದಾರು ಮಹಡಿಯಷ್ಟು ಎತ್ತರಕ್ಕೆ ಏರಿ ಇಳಿಯುವ ಜೈಂಟ್ ವೀಲ್‌ನಲ್ಲಿ ಕುಳಿತರೆ, ಆ ಯಂತ್ರಕ್ಕೆಂದೇ ರಚಿತವಾದ ಕಾಯ್ದೆ ರಾಜ್ಯದಲ್ಲಿಲ್ಲ. ಕೇಂದ್ರದ ಮಟ್ಟದಲ್ಲಿಯೂ ಇಲ್ಲ.

ಹಾಗೆಂದು ಅನುಮತಿಯೇ ಇಲ್ಲದೆ ಎಲ್ಲವೂ ನಡೆಯುತ್ತಿದೆ ಎಂದಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 31ನೆಯ ಕಲಮು ಸಾರ್ವಜನಿಕ ಮನರಂಜನಾ ಸ್ಥಳಗಳನ್ನು ನಿಯಂತ್ರಿಸುವ ಆದೇಶ ಹೊರಡಿಸುವ ಅಧಿಕಾರವನ್ನು ಪೊಲೀಸ್ ಆಯುಕ್ತರಿಗೂ ಜಿಲ್ಲಾ ದಂಡಾಧಿಕಾರಿಗಳಿಗೂ ನೀಡಿದೆ. ಸ್ಥಳೀಯ ಸಂಸ್ಥೆಯ ಒಪ್ಪಿಗೆ, ಅಗ್ನಿಶಾಮಕ ದಳದ ಪತ್ರ, ವಿದ್ಯುತ್ ಸಂಪರ್ಕದ ಮಂಜೂರಾತಿ ಎಂದು ಕಡತ ಸಾಕಷ್ಟು ದಪ್ಪವಾಗಿಯೇ ಬೆಳೆಯುತ್ತದೆ. ಆದರೆ ಈ ಕಡತದಲ್ಲಿ ಇರುವುದೆಲ್ಲ ಬಹುಮಟ್ಟಿಗೆ ಸ್ಥಳದ ಜಾತಕ. ಎಷ್ಟು ಜನ ಸೇರುತ್ತಾರೆ, ಎಷ್ಟು ಗಂಟೆಯವರೆಗೆ ನಡೆಯುತ್ತದೆ, ಬೆಂಕಿ ಬಿದ್ದರೆ ದಾರಿ ಎಲ್ಲಿ ಎಂಬ ವಿವರಗಳು. ಯಂತ್ರ ಯಾವ ವರ್ಷ ತಯಾರಾಯಿತು, ಎಷ್ಟು ಸಲ ಬಿಚ್ಚಿ ಕಟ್ಟಲಾಗಿದೆ, ಅದರ ಯಾವ ಬೆಸುಗೆ ಯಾವಾಗ ಬಿರುಕು ಬಿಟ್ಟಿತ್ತು, ಸರಿಪಡಿಸಿದವರು ಯಾರು ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಗುವುದು ಅಪರೂಪ. ದುರಂತ ಸಂಭವಿಸುವುದು ಮಾತ್ರ ಮೈದಾನದಿಂದಲ್ಲ, ಯಂತ್ರದಿಂದ.

ಮರುಕಳಿಸುವ ಸುದ್ದಿ

2019ರ ಜುಲೈ 14ರ ಭಾನುವಾರ ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿ ಲೋಲಕದಂತೆ ತೂಗುತ್ತ ತಿರುಗುವ 'ಡಿಸ್ಕವರಿ' ಎಂಬ ರೈಡ್ ಮೇಲಿಂದ ಕಳಚಿ ಬಿದ್ದಿತು. ಇಬ್ಬರು ಸತ್ತರು, ಇಪ್ಪತ್ತೈದಕ್ಕೂ ಹೆಚ್ಚು ಜನ ಗಾಯಗೊಂಡರು. ಆಸನಗಳ ವೃತ್ತವನ್ನು ಹೊತ್ತಿದ್ದ ಮುಖ್ಯ ದಂಡದ ಪೈಪ್ ತುಂಡಾದದ್ದೇ ಕಾರಣವೆಂದು ಅಧಿಕಾರಿಗಳು ಅಂದೇ ತಿಳಿಸಿದರು. ಆ ರೈಡ್ ಇದ್ದದ್ದು ಯಾವುದೋ ಹಳ್ಳಿಯ ಮೂಲೆಯಲ್ಲಲ್ಲ. ಮಹಾನಗರ ಪಾಲಿಕೆಯೇ ಅಭಿವೃದ್ಧಿಪಡಿಸಿದ, ನಗರದ ಹೆಮ್ಮೆಯೆನಿಸಿದ ಕೆರೆ ಅಂಗಳದಲ್ಲಿ.

2022ರ ಸೆಪ್ಟೆಂಬರ್ 4ರಂದು ಪಂಜಾಬಿನ ಮೊಹಾಲಿಯ ಮೇಳವೊಂದರಲ್ಲಿ ಜನರನ್ನು ಕೂರಿಸಿಕೊಂಡು ಕಂಬದ ಮೇಲೇರುವ ರೈಡ್ ಸುಮಾರು 50 ಅಡಿ ಎತ್ತರದಿಂದ ನೇರವಾಗಿ ನೆಲಕ್ಕೆ ಅಪ್ಪಳಿಸಿತು. ಅದೃಷ್ಟವಶಾತ್ ಜೀವಹಾನಿಯಾಗಲಿಲ್ಲ, ಆದರೆ ಆ ವಿಡಿಯೊ ನೋಡಿದವರು ಅದನ್ನು ಬೇಗ ಮರೆಯಲಾರರು. 2023ರ ಜನವರಿಯಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲೇ ರಥಸಪ್ತಮಿ ಜಾತ್ರೆಯ ಜೈಂಟ್ ವೀಲ್‌ಗೆ ಬಾಲಕಿಯೊಬ್ಬಳ ಕೂದಲು ಸಿಕ್ಕಿಕೊಂಡು ತಲೆಯ ಚರ್ಮವೇ ಕಿತ್ತುಬಂದ ಘಟನೆ ನಡೆಯಿತು. 2025ರ ಏಪ್ರಿಲ್ 3ರಂದು ದೆಹಲಿಯ ಕಾಪಸ್‌ಹೇಡಾದ ಮನರಂಜನಾ ಉದ್ಯಾನದಲ್ಲಿ ರೋಲರ್ ಕೋಸ್ಟರ್‌ನಿಂದ ಬಿದ್ದು 24 ವರ್ಷದ ಯುವತಿ ಮೃತಪಟ್ಟರು.

ಈ ಪಟ್ಟಿಯಲ್ಲಿ ಜಾತ್ರೆಯೂ ಇದೆ, ಮೇಳವೂ ಇದೆ, ಟಿಕೆಟ್ ಕೊಟ್ಟು ಒಳಹೋಗುವ ಸ್ಥಾಯಿ ಉದ್ಯಾನವೂ ಇದೆ. ಪ್ರತಿ ಸಲವೂ ಮಾಲೀಕರ, ವ್ಯವಸ್ಥಾಪಕರ ಮೇಲೆ ಮೊಕದ್ದಮೆ ದಾಖಲಾಗುತ್ತದೆ. ಕೆಲವರ ಬಂಧನವಾಗುತ್ತದೆ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಅಪರಾಧಕ್ಕೆ ಹಿಂದಿನ ಭಾರತೀಯ ದಂಡ ಸಂಹಿತೆಯ 304-ಎ ಕಲಮಿನಲ್ಲಿ ಗರಿಷ್ಠ ಎರಡು ವರ್ಷ ಸಜೆ ಇತ್ತು; 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಅದನ್ನು ಐದು ವರ್ಷಕ್ಕೆ ಏರಿಸಿದೆ. ಶಿಕ್ಷೆ ಹೆಚ್ಚಿತು, ಸರಿ. ಆದರೆ ಇವೆಲ್ಲ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಕೆಲಸ. ಬಾಗಿಲು ಮೊದಲೇ ಹಾಕಿರಬೇಕಾದವರು ಯಾರು ಎಂಬುದು ಇಲ್ಲಿ ಕೇಳಬೇಕಾದ ಪ್ರಶ್ನೆ.

ಯಂತ್ರ ಸುರಕ್ಷಿತವಾಗುವುದು ಹೇಗೆ?

ಸರಿಯಾಗಿ ವಿನ್ಯಾಸಗೊಂಡ ರೈಡ್ ಸಾಮಾನ್ಯರು ಊಹಿಸುವುದಕ್ಕಿಂತ ಬಹಳ ಎಚ್ಚರಿಕೆಯ ಯಂತ್ರ. ರೋಲರ್ ಕೋಸ್ಟರನ್ನೇ ನೋಡಿ. ಅದರ ಬೋಗಿಗೆ ರೈಲಿನಂತೆ ಹಳಿಯ ಮೇಲೊಂದೇ ಸಾಲು ಚಕ್ರ ಇರುವುದಿಲ್ಲ. ಹಳಿಯ ಮೇಲೆ ಭಾರ ಹೊರುವ ಚಕ್ರ, ಪಕ್ಕದಿಂದ ಒತ್ತುವ ಚಕ್ರ, ಕೆಳಗಿನಿಂದ ಹಿಡಿಯುವ ಚಕ್ರ ಹೀಗೆ ಮೂರು ಬಗೆಯ ಚಕ್ರಗಳು ಹಳಿಯನ್ನು ಮುಷ್ಟಿಯಂತೆ ಹಿಡಿದಿರುತ್ತವೆ. ಅದರಿಂದಲೇ ತಲೆಕೆಳಗಾದರೂ ಬೋಗಿ ಕಳಚದು. ಮೊದಲ ಏರು ಹತ್ತುವಾಗ ಕೇಳಿಬರುವ ಟಕಟಕ ಸದ್ದು ಭಯ ಹುಟ್ಟಿಸಲು ಇಟ್ಟದ್ದಲ್ಲ. ಸರಪಳಿ ತುಂಡಾದರೂ ಬೋಗಿ ಹಿಂದಕ್ಕೆ ಜಾರದಂತೆ ಹಲ್ಲಿನಿಂದ ಹಲ್ಲಿಗೆ ಬೀಳುತ್ತ ಸಾಗುವ ಉಕ್ಕಿನ ನಾಲಗೆಯ ಸದ್ದು ಅದು.

ಬ್ರೇಕ್‌ಗಳ ತತ್ತ್ವವೂ ಇಂಥದೇ. ಗಾಳಿಯ ಒತ್ತಡವನ್ನು ಬಳಸುವುದು ಬ್ರೇಕ್ ಹಾಕಲು ಅಲ್ಲ, ತೆಗೆಯಲು. ಒತ್ತಡ ಇಲ್ಲವಾದರೆ ಸ್ಪ್ರಿಂಗ್ ತಾನಾಗಿಯೇ ಬೋಗಿಯನ್ನು ಹಿಡಿದು ನಿಲ್ಲಿಸುತ್ತದೆ. ಎತ್ತರದಿಂದ ಬೀಳುವ ಅನೇಕ ರೈಡ್‌ಗಳಲ್ಲಿ ಶಾಶ್ವತ ಅಯಸ್ಕಾಂತದ ಬ್ರೇಕ್ ಇರುತ್ತದೆ. ಲೋಹದ ತಗಡು ಅಯಸ್ಕಾಂತಗಳ ನಡುವೆ ಹಾಯುವಾಗ ಹುಟ್ಟುವ ಸುಳಿ ವಿದ್ಯುತ್ತೇ ವೇಗವನ್ನು ತಗ್ಗಿಸುತ್ತದೆ. ಅದಕ್ಕೆ ವಿದ್ಯುತ್ ಸಂಪರ್ಕವೂ ಬೇಡ, ಗುಂಡಿ ಒತ್ತುವ ಸಿಬ್ಬಂದಿಯೂ ಬೇಡ. ಒಂದಕ್ಕಿಂತ ಹೆಚ್ಚು ಬೋಗಿಗಳು ಓಡುವ ಹಳಿಯನ್ನು ಭಾಗಗಳಾಗಿ ವಿಂಗಡಿಸಿ, ಮುಂದಿನ ಭಾಗ ಖಾಲಿಯಾಗುವ ತನಕ ಹಿಂದಿನ ಬೋಗಿಯನ್ನು ತಡೆದಿಡುವ ವ್ಯವಸ್ಥೆ ಇರುತ್ತದೆ. ರೈಲ್ವೆ ಸಿಗ್ನಲ್ ಕಂಡವರಿಗೆ ಇದು ಹೊಸದಲ್ಲ.

ಎದೆಗೋ ತೊಡೆಗೋ ಅಡ್ಡ ಬರುವ ಸರಳಿನ ವಿಷಯ ಇನ್ನೂ ಸೂಕ್ಷ್ಮ. ಸರಳು ಬೀಗಗೊಂಡಿದೆ ಎಂದ ಮಾತ್ರಕ್ಕೆ ಕುಳಿತವರು ಭದ್ರರಾಗಿದ್ದಾರೆ ಎಂದಲ್ಲ. ಸರಳಿಗೂ ದೇಹಕ್ಕೂ ನಡುವೆ ಜಾಗ ಉಳಿದರೆ ಬೀಗವಿದ್ದೂ ವ್ಯರ್ಥ. ಪ್ರವೇಶದ್ವಾರದಲ್ಲಿ ಎತ್ತರ ಅಳೆಯುವ ಪಟ್ಟಿ ನಿಲ್ಲಿಸುವುದು ಈ ಕಾರಣಕ್ಕೆ. 'ಮಗು ಹಟ ಮಾಡುತ್ತಿದೆ, ಎರಡು ಇಂಚು ತಾನೆ, ಬಿಡಪ್ಪಾ' ಎಂದು ಸಿಬ್ಬಂದಿಯೊಡನೆ ವಾದಿಸುವ ತಂದೆತಾಯಂದಿರನ್ನು ಯಾವುದೇ ಉದ್ಯಾನದಲ್ಲಿ ಕಾಣಬಹುದು. ಆ ಎರಡು ಇಂಚು ವಿನ್ಯಾಸಕಾರ ಮಾಡಿದ ಲೆಕ್ಕದ ಭಾಗ.

ಭಾರತೀಯ ಮಾನಕ ಸಂಸ್ಥೆ 2004ರಲ್ಲಿಯೇ ಮನರಂಜನಾ ರೈಡ್‌ಗಳ ಸುರಕ್ಷತೆಗಾಗಿ ಐಎಸ್ 15475 ಎಂಬ ಸಂಹಿತೆಯನ್ನು ಹೊರತಂದಿದೆ. ಯುರೋಪಿನಲ್ಲಿ ಇಎನ್ 13814, ಅಂತರರಾಷ್ಟ್ರೀಯ ಮಟ್ಟದಲ್ಲಿ ಐಎಸ್‌ಒ 17842 ಮಾನದಂಡಗಳಿವೆ. ಅಂದರೆ ಏನು ಮಾಡಬೇಕೆಂಬ ಜ್ಞಾನಕ್ಕೆ ಕೊರತೆಯಿಲ್ಲ. ಸಂಹಿತೆ ಕಪಾಟಿನಲ್ಲಿದ್ದು ಯಂತ್ರ ಮೈದಾನದಲ್ಲಿದ್ದರೆ ಅವೆರಡನ್ನೂ ಜೋಡಿಸಬೇಕಾದವರು ಯಾರೆಂಬುದು ಮಾತ್ರ ಸ್ಪಷ್ಟವಿಲ್ಲ.

ಬಿಚ್ಚಿ ಕಟ್ಟಿದಾಗಲೆಲ್ಲ ಹೊಸ ಯಂತ್ರ

ಸ್ಥಾಯಿ ಉದ್ಯಾನಗಳ ಕಥೆ ಒಂದು ಬಗೆಯದು. 2005ರಲ್ಲಿ ಬಿಡದಿ ಸಮೀಪ ಆರಂಭವಾದ ವಂಡರ್‌ಲಾದಂತಹ ಉದ್ಯಾನದಲ್ಲಿ ಯಂತ್ರ ಒಂದೇ ಅಡಿಪಾಯದ ಮೇಲೆ ವರ್ಷಗಟ್ಟಲೆ ನಿಂತಿರುತ್ತದೆ. ಏನಾದರೂ ಹೆಚ್ಚುಕಡಿಮೆಯಾದರೆ ಕೇಳಲು ಒಂದು ವಿಳಾಸವಿರುತ್ತದೆ. ಮೈಸೂರು ದಸರಾ ವಸ್ತುಪ್ರದರ್ಶನ, ಶಿರಸಿಯ ಮಾರಿಕಾಂಬಾ ಜಾತ್ರೆ, ಬಾದಾಮಿಯ ಬನಶಂಕರಿ ಜಾತ್ರೆಗಳಲ್ಲಿ ತಿರುಗುವ ತೊಟ್ಟಿಲು, ಕೊಲಂಬಸ್, ಬ್ರೇಕ್ ಡ್ಯಾನ್ಸ್‌ಗಳ ಕಥೆಯೇ ಬೇರೆ. ಅವು ಲಾರಿಯಲ್ಲಿ ಬರುತ್ತವೆ, ಕೆಲವು ದಿನ ಇಲ್ಲವೇ ಕೆಲವು ವಾರ ತಿರುಗುತ್ತವೆ, ಮತ್ತೆ ಬಿಡಿಭಾಗಗಳಾಗಿ ಲಾರಿ ಏರಿ ಇನ್ನೊಂದು ಜಿಲ್ಲೆಗೋ ಪಕ್ಕದ ರಾಜ್ಯಕ್ಕೋ ಹೊರಡುತ್ತವೆ. ಅಂಥ ಯಂತ್ರಕ್ಕೆ ಊರಿಲ್ಲ.

ಪ್ರತಿ ಸಲ ಕಟ್ಟುವಾಗಲೂ ನೂರಾರು ನಟ್ಟು ಬೋಲ್ಟುಗಳು, ಪಿನ್ನುಗಳು ಹೊಸದಾಗಿ ಕೂರಬೇಕು. ತೊಟ್ಟಿಲನ್ನು ಹಿಡಿದ ಪಿನ್ ಜಾರದಂತೆ ತಡೆಯುವ ಕೆಲವೇ ರೂಪಾಯಿ ಬೆಲೆಯ ಸ್ಪ್ಲಿಟ್ ಪಿನ್ ಕಳೆದುಹೋದರೆ ಅದರ ಜಾಗಕ್ಕೆ ಬಾಗಿಸಿದ ಮೊಳೆಯೋ ತಂತಿಯೋ ಬರುವುದುಂಟು. ಅಡಿಪಾಯವೆಂದರೆ ಅನೇಕ ಕಡೆ ನೆಲದ ಮೇಲೆ ಅಡ್ಡ ಹಾಕಿದ ಮರದ ದಿಮ್ಮಿಗಳಷ್ಟೆ. ಗಟ್ಟಿ ಕೆಂಪುಮಣ್ಣಿನ ಮೈದಾನದಲ್ಲಿ ಸಮನಾಗಿ ನಿಂತ ಚಕ್ರ ಉತ್ತರ ಕರ್ನಾಟಕದ ಎರೆಮಣ್ಣಿನ ಮೇಲೆ ಒಂದು ಅಕಾಲಿಕ ಮಳೆ ಬಿದ್ದರೆ ಒಂದು ಬದಿಗೆ ಕುಸಿಯಬಲ್ಲದು. ಬಾವಲಿಗಳಂತೆ ತೂಗಾಡುವ ವೈರುಗಳಿಗೆ ಸರಿಯಾದ ಅರ್ಥಿಂಗ್ ಇದೆಯೇ ಎಂಬುದು ಇನ್ನೊಂದು ಚಿಂತೆ.

ಎಲ್ಲಕ್ಕಿಂತ ಮೋಸದ್ದು ಲೋಹದ ದಣಿವು. ಒಂದು ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಕೊನೆಗೊಮ್ಮೆ ತುಂಡಾಗುವಂತೆ, ದಿನಕ್ಕೆ ನೂರಾರು ಬಾರಿ ಭಾರ ಹೊತ್ತು ಇಳಿಸುವ ದಂಡದಲ್ಲಿ, ಅದರಲ್ಲಿಯೂ ಬೆಸುಗೆಯ ಅಂಚಿನಲ್ಲಿ, ಕೂದಲೆಳೆಯಂತಹ ಬಿರುಕು ಹುಟ್ಟಿ ಬೆಳೆಯುತ್ತದೆ. ಬರಿಗಣ್ಣಿಗೆ ಅದು ಕಾಣದು. ಬಣ್ಣದ ದ್ರವ ಸವರಿ ಒರೆಸುವ ಪರೀಕ್ಷೆ, ಅಯಸ್ಕಾಂತದ ಪುಡಿ ಉದುರಿಸುವ ಪರೀಕ್ಷೆ, ಶ್ರವಣಾತೀತ ಧ್ವನಿಯ ಪರೀಕ್ಷೆ ಇವುಗಳಿಂದ ಮಾತ್ರ ಪತ್ತೆಯಾಗುತ್ತದೆ. ಈ ಪರೀಕ್ಷೆಗಳಿಗೆ ಮೊದಲು ಮೇಲಿನ ಬಣ್ಣವನ್ನು ಕೆರೆಯಬೇಕಾಗುತ್ತದೆ. ನಮ್ಮಲ್ಲಿ ಜಾತ್ರೆಗೆ ಮುನ್ನ ನಡೆಯುವುದು ಅದರ ತದ್ವಿರುದ್ಧ: ಯಂತ್ರಕ್ಕೆ ಹೊಸ ಬಣ್ಣ ಬಳಿಯಲಾಗುತ್ತದೆ. ನೋಡುವವರ ಕಣ್ಣಿಗೆ ಹೊಳೆಯುವ ಆ ಬಣ್ಣದ ಅಡಿಯಲ್ಲಿ ಬಿರುಕೂ ಸುಖವಾಗಿ ಅಡಗಿರುತ್ತದೆ.

ಜನರಿಗೆ ಮುಕ್ತಗೊಳಿಸುವ ಮೊದಲು ಮರಳು ಚೀಲ ತುಂಬಿ ಓಡಿಸಿ ನೋಡುವುದು ಪರೀಕ್ಷೆಯ ಪ್ರಾಥಮಿಕ ಪಾಠ. 2016ರ ಮೇ ತಿಂಗಳಲ್ಲಿ ಚೆನ್ನೈ ಹೊರವಲಯದ ಕಿಷ್ಕಿಂತಾ ಉದ್ಯಾನದಲ್ಲಿ ರೈಡ್ ಒಂದರ ಪ್ರಾಯೋಗಿಕ ಚಾಲನೆಗೆ ಕುಳಿತದ್ದು ಸಿಬ್ಬಂದಿ. ಒಬ್ಬ ನೌಕರ ಪ್ರಾಣ ಕಳೆದುಕೊಂಡ.

ಯಂತ್ರ ಸರಿಯಿದ್ದರೂ ಸಾಲದು

ಮುಂದುವರಿದ ದೇಶಗಳಲ್ಲಿ ಅಪಘಾತವೇ ಆಗುವುದಿಲ್ಲ ಎಂಬ ಭ್ರಮೆ ಬೇಡ. ಅಲ್ಲಿ ಆಗುವ ಅಪಘಾತಗಳ ಸ್ವರೂಪ ಬೇರೆ. ಅಲ್ಲಿಯ ತನಿಖಾ ವರದಿಗಳು ಸಾರ್ವಜನಿಕರಿಗೆ ಸಿಗುವುದರಿಂದ ಅವುಗಳಿಂದ ಕಲಿಯುವುದಕ್ಕೂ ಸಾಧ್ಯ.

2015ರ ಜೂನ್ 2ರಂದು ಇಂಗ್ಲೆಂಡಿನ ಆಲ್ಟನ್ ಟವರ್ಸ್ ಉದ್ಯಾನದ 'ಸ್ಮೈಲರ್' ರೋಲರ್ ಕೋಸ್ಟರ್‌ನಲ್ಲಿ 16 ಜನರಿದ್ದ ಬೋಗಿ, ಹಳಿಯ ಮೇಲೆ ನಿಂತಿದ್ದ ಖಾಲಿ ಬೋಗಿಗೆ ಡಿಕ್ಕಿ ಹೊಡೆಯಿತು. ಇಬ್ಬರು ಯುವತಿಯರು ತಲಾ ಒಂದು ಕಾಲು ಕಳೆದುಕೊಂಡರು. ಆಶ್ಚರ್ಯವೆಂದರೆ ಕಂಪ್ಯೂಟರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಮುಂದೆ ಬೋಗಿಯಿದೆ ಎಂದು ಹಿಂದಿನದನ್ನು ತಡೆದು ನಿಲ್ಲಿಸಿತ್ತು. ಖಾಲಿ ಬೋಗಿ ಸಿಕ್ಕಿಬಿದ್ದಿರುವುದು ತಿಳಿಯದ ಎಂಜಿನಿಯರುಗಳು, ಯಂತ್ರವೇ ತಪ್ಪು ತಿಳಿದಿದೆ ಎಂದು ಭಾವಿಸಿ ಆ ತಡೆಯನ್ನು ಕೈಯಾರೆ ತೆರವುಗೊಳಿಸಿದರು. ತಪ್ಪು ಮಾಡಿದ ನೌಕರರ ತಲೆಗೆ ಕಟ್ಟಿ ವಿಷಯವನ್ನು ಮುಗಿಸಲಿಲ್ಲ ಎಂಬುದು ಗಮನಾರ್ಹ. ತಡೆ ತೆರವುಗೊಳಿಸಲು ಸರಿಯಾದ ಲಿಖಿತ ಕ್ರಮವೇ ಇರಲಿಲ್ಲ ಎಂಬ ಕಾರಣಕ್ಕೆ 2016ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯವು ಮಾಲೀಕ ಸಂಸ್ಥೆ ಮರ್ಲಿನ್‌ಗೆ 50 ಲಕ್ಷ ಪೌಂಡ್ ದಂಡ ವಿಧಿಸಿತು.

ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನ ಡ್ರೀಮ್‌ವರ್ಲ್ಡ್‌ನಲ್ಲಿ 2016ರ ಅಕ್ಟೋಬರ್ 25ರಂದು ನಾಲ್ವರು ಸತ್ತ ಘಟನೆ ಇನ್ನೂ ಕರುಣಾಜನಕ. 1986ರಿಂದ ನಡೆಯುತ್ತಿದ್ದ ತೆಪ್ಪದ ಸವಾರಿ ಅದು. ನೀರೆತ್ತುವ ಪಂಪು ಕೆಟ್ಟು ನೀರಿನ ಮಟ್ಟ ಇಳಿಯಿತು. ಒಂದು ತೆಪ್ಪ ತಳದ ಹಳಿಯ ಮೇಲೆ ಕುಳಿತುಬಿಟ್ಟಿತು. ಹಿಂದಿನಿಂದ ಬಂದ ಇನ್ನೊಂದು ಅದಕ್ಕೆ ಡಿಕ್ಕಿ ಹೊಡೆಯಿತು. ಕೆಳಗಿನ ಕನ್ವೇಯರ್ ಮಾತ್ರ ನಿಲ್ಲದೆ ತಿರುಗುತ್ತಲೇ ಇತ್ತು. ಪಂಪು ಅದೇ ದಿನ ಮೊದಲೂ ಕೆಟ್ಟಿತ್ತು. ಪ್ರತಿ ಸಲವೂ ಮತ್ತೆ ಚಾಲೂ ಮಾಡಿ ಸವಾರಿಯನ್ನು ಮುಂದುವರಿಸಲಾಗಿತ್ತು. ಕನ್ವೇಯರನ್ನು ಕೂಡಲೇ ನಿಲ್ಲಿಸಬಲ್ಲ ಗುಂಡಿಯ ಬಳಿ ಇದ್ದ ಸಿಬ್ಬಂದಿಗೆ ಆ ರೈಡ್‌ನಲ್ಲಿ ಅದು ಮೊದಲ ದಿನ. ಆ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದು ಆಕೆಗೆ ತಿಳಿದಿರಲಿಲ್ಲ. ಮೃತ್ಯು ವಿಚಾರಣಾಧಿಕಾರಿ 2020ರ ಫೆಬ್ರುವರಿಯಲ್ಲಿ ನೀಡಿದ ವರದಿ ಉದ್ಯಾನದ ಸುರಕ್ಷತಾ ವ್ಯವಸ್ಥೆಯನ್ನು ಕಟುವಾಗಿ ಖಂಡಿಸಿತು. ಅದೇ ವರ್ಷ ಮಾಲೀಕ ಸಂಸ್ಥೆಗೆ 36 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. ದೊಡ್ಡ ಉದ್ಯಾನಗಳಿಗೆ ಪರವಾನಗಿ ಕಡ್ಡಾಯಗೊಳಿಸುವ, ಹತ್ತು ವರ್ಷಕ್ಕೊಮ್ಮೆ ಪ್ರತಿ ರೈಡ್‌ನ ಸಮಗ್ರ ತಪಾಸಣೆ ನಡೆಸುವ ನಿಯಮವನ್ನು ಕ್ವೀನ್ಸ್‌ಲ್ಯಾಂಡ್ ರಾಜ್ಯ 2019ರಲ್ಲಿಯೇ ತಂದಿತ್ತು.

ಮೂರನೆಯದು ಅಮೆರಿಕದ ಒರ್ಲಾಂಡೊದ್ದು. 2022ರ ಮಾರ್ಚ್ 24ರಂದು ಎತ್ತರದ ಗೋಪುರದಿಂದ ಬೀಳುವ ರೈಡ್‌ನಲ್ಲಿ 14 ವರ್ಷದ ಬಾಲಕನೊಬ್ಬ ಆಸನದಿಂದ ಜಾರಿ ಬಿದ್ದು ಸತ್ತ. ಆ ಆಸನದ ಸರಳು ಎಷ್ಟು ಕೆಳಗಿಳಿದರೆ 'ಭದ್ರ' ಎಂದು ತಿಳಿಯಬೇಕೆಂಬ ಸಂವೇದಕವನ್ನೇ ಕೈಯಿಂದ ಹೊಂದಿಸಿ ಸಡಿಲಗೊಳಿಸಲಾಗಿತ್ತು ಎಂದು ತನಿಖೆ ಹೇಳಿತು. ಹಸಿರು ದೀಪ ಉರಿದಿತ್ತು, ಬೀಗವೂ ಬಿದ್ದಿತ್ತು. ಸರಳಿಗೂ ಬಾಲಕನ ದೇಹಕ್ಕೂ ನಡುವೆ ಜಾಗವೂ ಇತ್ತು. ಅಮೆರಿಕದಲ್ಲಿಯೂ 1981ರಿಂದ ಸ್ಥಾಯಿ ಉದ್ಯಾನಗಳ ರೈಡ್‌ಗಳ ಮೇಲೆ ಒಕ್ಕೂಟ ಸರ್ಕಾರದ ಗ್ರಾಹಕ ಸುರಕ್ಷತಾ ಆಯೋಗಕ್ಕೆ ಅಧಿಕಾರವಿಲ್ಲ. ಅದು ರಾಜ್ಯಗಳ ವಿವೇಚನೆಗೆ ಬಿಟ್ಟ ವಿಷಯ. ಹಾಗಾಗಿ ಕಾನೂನಿನ ಅಂತರ ನಮ್ಮಲ್ಲಿ ಮಾತ್ರವೇ ಇದೆ ಎಂದು ಕೊರಗಬೇಕಿಲ್ಲ.

ಈ ಮೂರೂ ಕಡೆ ಉಕ್ಕು ತುಂಡಾಗಲಿಲ್ಲ. ಕೆಟ್ಟದ್ದು ನಿತ್ಯದ ಶಿಸ್ತು. 'ನಿಲ್ಲಿಸು' ಎಂದು ಯಂತ್ರ ಹೇಳಿದಾಗ ನಿಲ್ಲಿಸಲು, ಸರದಿಯಲ್ಲಿ ಕಾಯುವ ಸಾವಿರ ಜನರ ಗೊಣಗಾಟವನ್ನು ಲೆಕ್ಕಿಸದೆ ಬಾಗಿಲು ಮುಚ್ಚಲು, ಗುಂಡಿಯ ಬಳಿ ನಿಂತ ಸಣ್ಣ ಸಂಬಳದ ನೌಕರನಿಗೆ ತಿಳಿವಳಿಕೆಯೂ ಬೇಕು, ಅಧಿಕಾರವೂ ಬೇಕು. ಜಾತ್ರೆಯ ದಿನಗೂಲಿ ಹುಡುಗನಿಗೆ ಇವೆರಡರಲ್ಲಿ ಯಾವುದಿದೆ? ರಥೋತ್ಸವದ ಸಂಜೆ ತೊಟ್ಟಿಲು ನಿಲ್ಲಿಸಿದರೆ ಮಾಲೀಕನಿಗಾಗುವ ನಷ್ಟ ಅವನಿಗೆ ಚೆನ್ನಾಗಿ ಗೊತ್ತು.

ಜರ್ಮನಿಯ ಪುಸ್ತಕ

ಊರೂರು ಅಲೆಯುವ ರೈಡ್‌ಗಳ ವಿಷಯದಲ್ಲಿ ಅತ್ಯಂತ ಸರಳವೂ ಪರಿಣಾಮಕಾರಿಯೂ ಆದ ಪದ್ಧತಿ ಜರ್ಮನಿಯದು. ಮ್ಯೂನಿಕ್ ನಗರದ ಅಕ್ಟೋಬರ್ ಉತ್ಸವದಂತಹ ಭಾರೀ ಜಾತ್ರೆಗಳು ನಡೆಯುವ ದೇಶ ಅದು. ಬಿಚ್ಚಿ ಕಟ್ಟುವ ಇಂತಹ ರಚನೆಗಳನ್ನು ಅಲ್ಲಿಯ ಕಟ್ಟಡ ಕಾನೂನು 'ಹಾರುವ ಕಟ್ಟಡ' ಎಂಬ ಹೆಸರಿನಲ್ಲಿ ಪ್ರತ್ಯೇಕ ವರ್ಗವಾಗಿ ಗುರುತಿಸಿದೆ. ಮೊದಲ ಬಾರಿಗೆ ಬಳಸುವ ಮುನ್ನ ಯಂತ್ರಕ್ಕೇ ಅನುಮತಿ ಪಡೆಯಬೇಕು; ಅದರ ಅವಧಿ ಗರಿಷ್ಠ ಐದು ವರ್ಷ. ಅನುಮತಿಯೊಂದಿಗೆ ಒಂದು ತಪಾಸಣಾ ಪುಸ್ತಕ ಸಿದ್ಧವಾಗುತ್ತದೆ. ವಿನ್ಯಾಸದ ನಕ್ಷೆ, ಲೆಕ್ಕಾಚಾರ, ಪ್ರತಿ ತಪಾಸಣೆಯ ಫಲಿತಾಂಶ, ಕಂಡುಬಂದ ದೋಷ, ಆದ ದುರಸ್ತಿ ಎಲ್ಲವೂ ಅದರಲ್ಲಿ ದಾಖಲಾಗಬೇಕು. ಲಾರಿ ಎಲ್ಲಿಗೆ ಹೋಗುತ್ತದೋ ಪುಸ್ತಕವೂ ಅಲ್ಲಿಗೆ ಹೋಗಬೇಕು.

ಹೊಸ ಊರಿನಲ್ಲಿ ಯಂತ್ರ ನಿಲ್ಲಿಸುವ ಮೊದಲು ಅಲ್ಲಿಯ ಕಟ್ಟಡ ಪ್ರಾಧಿಕಾರಕ್ಕೆ ಪುಸ್ತಕ ತೋರಿಸಿ ಮಾಹಿತಿ ನೀಡಬೇಕು. ಅಧಿಕಾರಿ ಬಂದು ಕಟ್ಟಿದ್ದನ್ನು ಪರಿಶೀಲಿಸಿ, ಬೇಕೆನಿಸಿದರೆ ತಡೆಯಬಹುದು. ಅವನು ಹಿಂದಿನ ಊರಿನ ಅಧಿಕಾರಿಯ ಟಿಪ್ಪಣಿಯನ್ನು ಓದಿಯೇ ಪರಿಶೀಲನೆಗೆ ತೊಡಗುತ್ತಾನೆ. ಕಾನೂನು ವಿವೇಕವನ್ನೂ ಬಿಟ್ಟಿಲ್ಲ: ಐದು ಮೀಟರ್‌ಗಿಂತ ಎತ್ತರವಿಲ್ಲದ, ಸೆಕೆಂಡಿಗೆ ಒಂದು ಮೀಟರ್‌ಗಿಂತ ವೇಗವಿಲ್ಲದ ಮಕ್ಕಳ ಆಟದ ಯಂತ್ರಗಳಿಗೆ ಈ ಅನುಮತಿಯಿಂದ ವಿನಾಯಿತಿ ಇದೆ.

ನಮ್ಮಲ್ಲಿ ಹೋಲಿಕೆ ಹುಡುಕುವುದಾದರೆ ಬಸ್ಸಿನ ಅರ್ಹತಾ ಪತ್ರವನ್ನು ನೋಡಬಹುದು. ಬಸ್ಸು ಬೀದರ್‌ಗೆ ಹೋದರೂ ಚಾಮರಾಜನಗರಕ್ಕೆ ಹೋದರೂ ನೋಂದಣಿ ಸಂಖ್ಯೆ ಒಂದೇ, ಎಫ್‌ಸಿ ಒಂದೇ. ತಿರುಗುವ ತೊಟ್ಟಿಲಿಗೆ ನೋಂದಣಿ ಸಂಖ್ಯೆಯೇ ಇಲ್ಲವಾದ್ದರಿಂದ, ಒಂದು ಜಿಲ್ಲೆಯಲ್ಲಿ ದೋಷ ಕಂಡು ನಿಲ್ಲಿಸಿದ ಯಂತ್ರ ಮುಂದಿನ ತಿಂಗಳು ಇನ್ನೊಂದು ಜಿಲ್ಲೆಯಲ್ಲಿ ಹೊಸ ಬಣ್ಣದೊಂದಿಗೆ ನಿಂತರೆ ಅಲ್ಲಿಯ ತಹಶೀಲ್ದಾರರಿಗೆ ಅದು ತಿಳಿಯುವ ಮಾರ್ಗವಿಲ್ಲ.

ಗುಜರಾತಿನ ಪಾಠ

2024ರ ಮೇ 25ರಂದು ರಾಜ್‌ಕೋಟ್‌ನ ಟಿಆರ್‌ಪಿ ಗೇಮ್ ಝೋನ್‌ನಲ್ಲಿ ಬೆಂಕಿಗೆ 27 ಜನ ಆಹುತಿಯಾದ ಬಳಿಕ ಗುಜರಾತ್ ಸರ್ಕಾರ ರೈಡ್‌ಗಳಿಗೂ ಗೇಮಿಂಗ್ ವಲಯಗಳಿಗೂ ಪ್ರತ್ಯೇಕ ಸುರಕ್ಷತಾ ನಿಯಮಗಳನ್ನು ರೂಪಿಸಲು ಮುಂದಾಯಿತು. ಕಾಂಕರಿಯಾದ ಎರಡು ಸಾವುಗಳು ಸಾಧಿಸದಿದ್ದುದನ್ನು ರಾಜ್‌ಕೋಟ್‌ನ ಇಪ್ಪತ್ತೇಳು ಸಾವುಗಳು ಸಾಧಿಸಿದವು ಎಂದು ಹೇಳಬೇಕಾಗಿರುವುದು ವಿಷಾದಕರ. ಅದಾದ ಮೇಲೆ ಅಲ್ಲಿ ಹುಟ್ಟಿದ ವಿವಾದವನ್ನು ಕರ್ನಾಟಕದವರು ಗಮನಿಸಬೇಕು. ರಾಜ್‌ಕೋಟ್‌ನ ಪ್ರಸಿದ್ಧ ಜನ್ಮಾಷ್ಟಮಿ ಲೋಕಮೇಳದಲ್ಲಿ ದೊಡ್ಡ ರೈಡ್‌ಗಳಿಗೆ ಕಾಂಕ್ರೀಟ್ ಅಡಿಪಾಯ ಬೇಕೆಂಬ ಷರತ್ತನ್ನು ರೈಡ್ ಮಾಲೀಕರು ವಿರೋಧಿಸಿದರು. ಕೆಲವೇ ದಿನಗಳ ಮೇಳಕ್ಕೆ ಕಾಂಕ್ರೀಟ್ ಹಾಕುವುದು ಹೇಗೆ ಎಂಬುದು ಅವರ ವಾದ.

ಅದನ್ನು ಲಾಭಕೋರರ ಕೂಗೆಂದು ಸುಮ್ಮನೆ ತಳ್ಳಿಹಾಕುವಂತಿಲ್ಲ. ಈ ವೃತ್ತಿಯಲ್ಲಿರುವವರು ಬಹುತೇಕ ಸಣ್ಣ ಕುಟುಂಬಗಳು. ಸಾಲ ಮಾಡಿ ಯಂತ್ರ ಕೊಂಡು, ವರ್ಷದ ಹಲವು ತಿಂಗಳು ಡೇರೆಯಲ್ಲಿ ಬಾಳುವವರು. ಸ್ಥಾಯಿ ಉದ್ಯಾನದ ಅಳತೆಗೋಲನ್ನೇ ಅವರ ಮೇಲೂ ಹೇರಿದರೆ ಆಗುವುದು ಎರಡರಲ್ಲಿ ಒಂದು. ಜಾತ್ರೆಗೆ ತೊಟ್ಟಿಲೇ ಬರಲಾರದು, ಇಲ್ಲವೇ ಕಾಗದದ ಮೇಲೆ ಮಾತ್ರ ಕಾಂಕ್ರೀಟ್ ಬೀಳುತ್ತದೆ. ಎರಡನೆಯದೇ ಹೆಚ್ಚು ಸಂಭವನೀಯ ಎಂಬುದನ್ನು ನಮ್ಮ ಆಡಳಿತ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಅಡಿಪಾಯ ಕಾಂಕ್ರೀಟ್‌ನದೇ ಆಗಬೇಕೆಂದಿಲ್ಲ. ನೆಲದ ಧಾರಣಾಶಕ್ತಿಗೆ ತಕ್ಕ ಉಕ್ಕಿನ ತಳಪಟ್ಟಿ, ದಿನವೂ ಮಟ್ಟ ನೋಡುವ ಕ್ರಮ ಯುರೋಪಿನ ಅಲೆಮಾರಿ ರೈಡ್‌ಗಳಲ್ಲಿಯೂ ಉಂಟು. ಬದಲಾಗಿ, ಪುಸ್ತಕ ಮತ್ತು ಬಿರುಕು ಪರೀಕ್ಷೆಯ ವಿಷಯದಲ್ಲಿ ರಾಜಿ ಸಲ್ಲದು.

ಪರೀಕ್ಷಿಸುವವರು ಯಾರು ಎಂಬ ಪ್ರಶ್ನೆಯೂ ಇದೆ. ಸಿವಿಲ್ ಎಂಜಿನಿಯರ್ ಒಬ್ಬರು ಸಂಜೆಯ ಹೊತ್ತಿಗೆ ಬಂದು, ತಿರುಗುತ್ತಿರುವ ಚಕ್ರವನ್ನು ಕೆಳಗಿನಿಂದ ನೋಡಿ ಸಹಿ ಹಾಕುವುದು ತಪಾಸಣೆಯಲ್ಲ. ಬ್ರಿಟನ್ನಿನಲ್ಲಿ ರೈಡ್‌ಗಳ ತಪಾಸಣೆಗೆಂದೇ ನೋಂದಾಯಿತ ಸಂಸ್ಥೆಗಳಿವೆ. ಅವುಗಳ ಪತ್ರದ ಅವಧಿ 12 ತಿಂಗಳನ್ನು ಮೀರುವುದಿಲ್ಲ. ಪತ್ರವಿದ್ದರೂ ಮಾಲೀಕ ದಿನವೂ ಬೆಳಗ್ಗೆ ನೋಡಿ ಬರೆದಿಡುವ ಹೊಣೆ ತಪ್ಪುವುದಿಲ್ಲ. ಕರ್ನಾಟಕದಲ್ಲಿ ಕಾರ್ಖಾನೆ, ಬಾಯ್ಲರ್, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಯಲ್ಲಿ ಯಂತ್ರಗಳ ಭಾಷೆ ಬಲ್ಲ ಅಧಿಕಾರಿಗಳಿದ್ದಾರೆ. ಎಂಜಿನಿಯರಿಂಗ್ ಕಾಲೇಜುಗಳಿಗೆ ಅಭಾವವಿಲ್ಲ. ರಾಜ್ಯಕ್ಕೆ ಪ್ರವೇಶಿಸುವ ಪ್ರತಿ ದೊಡ್ಡ ರೈಡ್‌ಗೆ ಒಂದು ಸಂಖ್ಯೆ, ಒಂದು ಪುಸ್ತಕ, ವರ್ಷಕ್ಕೊಂದು ಪರೀಕ್ಷೆ ಎಂದು ನಿಗದಿಪಡಿಸುವುದು ಅಸಾಧ್ಯವಾದ ಕೆಲಸವಲ್ಲ.

ಶಾಸನ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ವಸ್ತುಪ್ರದರ್ಶನವಾಗಲಿ ಜಾತ್ರೆಯಾಗಲಿ, ಮನರಂಜನಾ ಜಾಗವನ್ನು ಸಾಮಾನ್ಯವಾಗಿ ಹರಾಜು ಇಲ್ಲವೇ ಟೆಂಡರ್ ಮೂಲಕ ಹೆಚ್ಚು ಹಣ ಕೂಗಿದವರಿಗೆ ಕೊಡುವುದು ರೂಢಿ. ಹೆಚ್ಚು ಕೂಗಿದವನು ಆ ಹಣವನ್ನು ಕೆಲವೇ ದಿನಗಳಲ್ಲಿ ಹಿಂಪಡೆಯಬೇಕು. ಆಗ ಉಳಿತಾಯಕ್ಕೆ ಸಿಗುವುದು ದುರಸ್ತಿಯ ಖರ್ಚು ಮತ್ತು ಸಿಬ್ಬಂದಿಯ ಸಂಖ್ಯೆ. ಟೆಂಡರ್ ಷರತ್ತಿನಲ್ಲಿ ಯಂತ್ರದ ದಾಖಲೆ ಪುಸ್ತಕ, ಕಳೆದ 12 ತಿಂಗಳೊಳಗಿನ ಬಿರುಕು ಪರೀಕ್ಷೆಯ ವರದಿ, ಸವಾರರ ವಿಮೆ ಎಂದು ಮೂರು ಸಾಲು ಸೇರಿಸುವ ಅಧಿಕಾರ ಸಂಘಟಕರಿಗೆ ಇಂದೇ ಇದೆ.

ಟಿಕೆಟ್ ಕೊಳ್ಳುವವರ ಕಣ್ಣಿಗೆ

ಬೆಸುಗೆಯೊಳಗಿನ ಬಿರುಕನ್ನು ಪ್ರೇಕ್ಷಕ ಕಾಣಲಾರ. ಆದರೆ ಒಂದು ಸುತ್ತು ಹೊರಗೆ ನಿಂತು ನೋಡಿದರೆ ಕೆಲವು ಸಂಗತಿಗಳು ತಾವಾಗಿಯೇ ಮಾತನಾಡುತ್ತವೆ. ಸಿಬ್ಬಂದಿ ಪ್ರತಿ ಆಸನದ ಬಳಿ ಬಂದು ಸರಳನ್ನು ಕೈಯಿಂದ ಎಳೆದು ನೋಡುತ್ತಾನೆಯೇ, ಅಥವಾ ದೂರದಿಂದಲೇ ಕೈ ಬೀಸುತ್ತಾನೆಯೇ? ಜೈಂಟ್ ವೀಲ್ ತುಂಬುವಾಗ ಎದುರು ಬದುರಿನ ತೊಟ್ಟಿಲುಗಳನ್ನು ಸರಿತೂಗಿಸಿ ತುಂಬುತ್ತಾರೆಯೇ, ಅಥವಾ ಒಂದೇ ಬದಿಗೆ ಜನರನ್ನು ಒತ್ತರಿಸುತ್ತಾರೆಯೇ? ತಿರುಗುವ ಭಾಗಗಳ ಸುತ್ತ ಬೇಲಿ ಇದೆಯೇ? ನಡೆಸುವವನು ಮೊಬೈಲ್ ನೋಡುತ್ತಿದ್ದಾನೆಯೇ? ಎತ್ತರದ ಮಿತಿಯನ್ನು ಹೇಳಿ ಮಗುವೊಂದನ್ನು ಹಿಂದಕ್ಕೆ ಕಳುಹಿಸಿದ ಸಿಬ್ಬಂದಿಯನ್ನು ಕಂಡರೆ ಧೈರ್ಯವಾಗಿ ಟಿಕೆಟ್ ಕೊಳ್ಳಬಹುದು.

ಉದ್ದ ಕೂದಲು, ದುಪ್ಪಟ್ಟಾ, ಸೀರೆಯ ಸೆರಗುಗಳನ್ನು ಬಿಗಿಯಾಗಿ ಕಟ್ಟಿಕೊಳ್ಳದೆ ಏರುವುದು ಬೇಡ. ಶ್ರೀರಂಗಪಟ್ಟಣದ ಘಟನೆಯ ನಂತರವಾದರೂ ಪ್ರತಿ ತೊಟ್ಟಿಲಿನ ಮುಂದೆ ಈ ಸೂಚನೆಯನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಸುವುದು ಕಷ್ಟವಾಗಬಾರದಿತ್ತು.

ಇನ್ನೊಂದು ಮಾತು. ರೈಡ್ ಮಧ್ಯದಲ್ಲಿಯೇ ನಿಂತರೆ ಅದನ್ನು ಅಪಘಾತವೆಂದು ಗಾಬರಿಯಾಗಬೇಕಿಲ್ಲ. ಅನೇಕ ವೇಳೆ ಅದು ಸುರಕ್ಷತಾ ವ್ಯವಸ್ಥೆ ತನ್ನ ಕೆಲಸ ಮಾಡಿದ ಸೂಚನೆ. 2025ರ ಮೇ ತಿಂಗಳಲ್ಲಿ ಚೆನ್ನೈನ ವಿಜಿಪಿ ಉದ್ಯಾನದಲ್ಲಿ ರೈಡ್ ಒಂದು ಮೇಲೆಯೇ ನಿಂತು 30ಕ್ಕೂ ಹೆಚ್ಚು ಮಂದಿ ಗಂಟೆಗಟ್ಟಲೆ ಸಿಕ್ಕಿಕೊಂಡಿದ್ದರು. ಅಗ್ನಿಶಾಮಕ ದಳ ಕ್ರೇನ್ ತಂದು ಎಲ್ಲರನ್ನೂ ಸುರಕ್ಷಿತವಾಗಿ ಇಳಿಸಿತು. ಮೇಲೆ ನಿಂತ ರೈಡ್‌ನಿಂದ ಜನರನ್ನು ಇಳಿಸುವ ಯೋಜನೆ, ಅದಕ್ಕೆ ಬೇಕಾದ ಏಣಿ ಅಥವಾ ಕ್ರೇನ್ ಎಷ್ಟು ದೂರದಲ್ಲಿದೆ ಎಂಬುದನ್ನು ಪರವಾನಗಿ ನೀಡುವ ದಿನವೇ ಕೇಳಬೇಕು. ಸಿಕ್ಕಿಕೊಂಡವರಿಗೆ ಇರುವ ಕೆಲಸ ಒಂದೇ: ಸರಳನ್ನು ಬಿಡಿಸಿಕೊಂಡು ತಾವಾಗಿಯೇ ಇಳಿಯಲು ಯತ್ನಿಸದೆ, ಕೆಳಗಿನಿಂದ ಸೂಚನೆ ಬರುವವರೆಗೆ ಆಸನದಲ್ಲಿಯೇ ಕುಳಿತಿರುವುದು.